ಪ್ರಯಾಣ ಹೊರಟ ಮಗ, ಮನೆಯಲ್ಲಿರುವ ತಾಯಿ

ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗನಿರಬಹುದು. ರಜೆ ಬಂತೆಂದರೆ ಗೆಳೆಯರೊಂದಿಗೆ ಬೈಕಿನಲ್ಲಿ ಊರು ಸುತ್ತುವ ಆಸೆ ಅವನಿಗಿರುತ್ತದೆ. ಹಿರಿಯರ ಬಾಯಲ್ಲಿ ಕೂಡಲೇ ಬರುವ ಮಾತು 'ಬೇಡ'. ಆದರೆ ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಪವಿತ್ರ ಕುರ್‌ಆನ್ ನಮಗೆ ಅನೇಕ ಕಡೆ ಕರೆ ನೀಡಿದೆ. ಬೆಟ್ಟ, ಕಡಲು, ಮಳೆ ತರುವ ಗಾಳಿ ಎಲ್ಲವನ್ನೂ ಅಲ್ಲಾಹನು ವಿವೇಕಿಗಳಿಗೆ ದೃಷ್ಟಾಂತಗಳೆಂದು ತಿಳಿಸಿದ್ದಾನೆ. ಹಾಗಿರುವಾಗ ಹೊರಡುವುದೇ ತಪ್ಪು ಎನ್ನಲಾಗದು. ಹೇಗೆ ಹೊರಟಿರಿ ಎಂಬುದನ್ನು ಕೇಳಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಸರಾ ರಜೆಯಲ್ಲಿ ನಾಲ್ವರು ಗೆಳೆಯರೊಂದಿಗೆ ಮಂಗಳೂರಿನಿಂದ ಹೊರಟ. ಮರವಂತೆ, ಭಟ್ಕಳ, ಹೊನ್ನಾವರ, ಜೋಗ, ಮರಳುವಾಗ ಆಗುಂಬೆ. ಮರವಂತೆಯಲ್ಲಿ ಎಡಕ್ಕೆ ಅರಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಷ್ಟು ಸಮೀಪ ಬಂದ ನದಿ ಕಡಲನ್ನು ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಡಲಿನ ತೇವ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣಿದು ಸುರಿಯುತ್ತದೆ. ಆ ಬೆಟ್ಟ ಅಲ್ಲಿಲ್ಲದಿದ್ದರೆ ನಮ್ಮ ಗದ್ದೆ, ತೋಟ, ಬಾವಿಗಳ ಗತಿ ಏನಾಗುತ್ತಿತ್ತೆಂದು ಯೋಚಿಸಿ ನೋಡಿ.

ಅವನನ್ನು ಕೇಳಿದೆ, "ಏನು ನೋಡಿದೆ ಮಗನೇ?" ಎಷ್ಟು ಕಿಲೋಮೀಟರು ಓಡಿಸಿದ, ಯಾವ ತಿರುವಿನಲ್ಲಿ ಯಾರನ್ನು ಹಿಂದಿಕ್ಕಿದ ಎಂಬುದನ್ನು ಹೇಳಿದ. ನಮಾಝಿನ ವಿಷಯಕ್ಕೆ ತಲೆ ತಗ್ಗಿಸಿದ. ದೂರದ ಪ್ರಯಾಣಿಕನಿಗೆ ನಾಲ್ಕು ರಕಅತ್ ಎರಡಾಗುತ್ತದೆ. ಝುಹ್ರನ್ನು ಅಸ್ರಿನೊಂದಿಗೆ, ಮಗ್ರಿಬನ್ನು ಇಶಾದೊಂದಿಗೆ ಸೇರಿಸಿ ನಿರ್ವಹಿಸಲು ಶಾಫಿಈ ಮದ್‌ಹಬಿನಲ್ಲಿ ಅನುಮತಿಯಿದೆ. ಇಷ್ಟು ಹಗುರ ಮಾಡಿಕೊಟ್ಟ ಮೇಲೂ ಬಿಟ್ಟರೆ ನೆಪವೇನು ಉಳಿಯಿತು?

ಅದಕ್ಕಿಂತ ದೊಡ್ಡ ಸಂಗತಿಯನ್ನು ಕೊನೆಗೆ ಹೇಳಿದ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಕತ್ತಲಾಗುತ್ತಿತ್ತು, ರಸ್ತೆ ಒದ್ದೆಯಾಗಿತ್ತು. ಮುಂದಿದ್ದ ಗೆಳೆಯನ ಬೈಕು ಜಾರಿ ತಡೆಗೋಡೆಗೆ ಬಡಿಯಿತು. ಕೈ ಮುರಿಯಿತು, ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಇವನು ಮನೆಗೆ ಫೋನ್ ಮಾಡಲು ಹೋದವನು ಕೈ ಹಿಂದೆಗೆದ. ಏಕೆ? ಕಾಲೇಜಿನಿಂದಲೇ ಕರೆದುಕೊಂಡು ಹೋಗುತ್ತಾರೆ, ಬಸ್ಸಿನಲ್ಲಿ ಹೋಗುತ್ತೇವೆ ಎಂದು ತಾಯಿಗೆ ಸುಳ್ಳು ಹೇಳಿ ಹೊರಟಿದ್ದ. "ಉಸ್ತಾದ್, ಉಮ್ಮ ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದರು" ಎಂದು ಅತ್ತುಬಿಟ್ಟ.

ಮಗ ಘಾಟಿಯಲ್ಲಿದ್ದಾನೆಂದು ತಿಳಿದಿದ್ದರೆ ಆ ತಾಯಿ ಮುಸಲ್ಲಾ ಬಿಟ್ಟು ಏಳುತ್ತಿದ್ದರೇ? ಒಂದು ಸುಳ್ಳಿನಿಂದ ಅವನು ಕಳಕೊಂಡದ್ದು ಆ ದುಆವನ್ನು.

ಅವನು ದಾಟಿದ ಹೊನ್ನಾವರಕ್ಕೆ ಸುಮಾರು 1342ರಲ್ಲಿ ಇಬ್ನ್ ಬತೂತಾ ಬಂದಿದ್ದರು. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳನ್ನು ಆ ಊರಿನಲ್ಲಿ ಕಂಡದ್ದಾಗಿ ದಾಖಲಿಸಿದ್ದಾರೆ. ಈ ಹುಡುಗನಿಗೆ ಶರಾವತಿಯ ಸೇತುವೆಯಷ್ಟೇ ನೆನಪಿದೆ! ಅದೇ ಇಬ್ನ್ ಬತೂತಾ 1325ರಲ್ಲಿ ಹಜ್ಜಿಗೆಂದು ತಂಜೀರ್‌ನಿಂದ ಒಬ್ಬಂಟಿಯಾಗಿ ಹೊರಟಾಗ 21ರ ತರುಣ. ತಂದೆತಾಯಿ ಇಬ್ಬರೂ ಜೀವಂತರಿದ್ದರು, ಅವರನ್ನು ಬಿಟ್ಟು ಹೊರಡುವುದು ತನಗೂ ಅವರಿಗೂ ಬಹಳ ಸಂಕಟವಾಯಿತೆಂದು ಬರೆದಿದ್ದಾರೆ. ನೋಡಿ, ಅಷ್ಟು ದೂರ ಸಂಚರಿಸಿದವರೂ ಮನೆಯವರ ಕಣ್ಣೆದುರೇ ಹೊರಟವರು.

ತಂದೆತಾಯಂದಿರೇ, ನಿಮಗೂ ಒಂದು ಮಾತು. ಎಲ್ಲಕ್ಕೂ 'ಬೇಡ' ಎನ್ನುವ ಮನೆಯಲ್ಲಿ ಸುಳ್ಳು ಬೇಗ ಬೆಳೆಯುತ್ತದೆ. ಯಾರೊಂದಿಗೆ, ಯಾವ ದಾರಿಯಾಗಿ ಎಂದು ಕೇಳಿ, ಬಿಟ್ಟುಕೊಡಿ. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳುವಂತೆ ಪ್ರವಾದಿ(ಸ) ಕಲಿಸಿದ್ದಾರೆ. ಆ ಐವರಲ್ಲಿ 'ಕತ್ತಲಾಯಿತು, ಇಂದು ಇಲ್ಲೇ ತಂಗೋಣ' ಎನ್ನುವ ಒಬ್ಬ ಅಮೀರನಿರಲಿಲ್ಲ.

ಬರುವ ರಜೆಯಲ್ಲಿ ಅವನು ಮತ್ತೆ ಹೊರಡುತ್ತಾನಂತೆ, ಈ ಸಲ ಚಾರ್ಮಾಡಿಯ ಕಡೆಗೆ. ಉಮ್ಮನಿಗೆ ಎಲ್ಲವನ್ನೂ ಹೇಳಿದ್ದಾನೆ. ಅವರು ಹಾಕಿದ್ದು ಒಂದೇ ಷರತ್ತು: ಘಾಟಿ ಇಳಿಯುವ ಮುನ್ನ ಒಂದು ಫೋನ್.