ಒಂದೇ ಎಲೆಯುಂಡ ಇಬ್ಬರು

ಚೆನ್ನೈ ನಗರದ ನಡುವೆ ಸುಮಾರು 270 ಹೆಕ್ಟೇರ್‌ಗಳಲ್ಲಿ ಉಳಿದುಕೊಂಡಿರುವ ಗಿಂಡಿ ಕಾಡಿನ ಮಗ್ಗುಲಲ್ಲೇ ನಮ್ಮ ಮನೆ. ಹಿತ್ತಲಲ್ಲಿ ಕಣಗಿಲೆ ಇದೆ. ದನಕರುಗಳ ಪ್ರಾಣಕ್ಕೇ ಎರವಾಗುವ ಅದರ ಎಲೆಯನ್ನು ತಿಂದು ಎರಡು ಜೀವಗಳು ಬೆಳೆಯುತ್ತವೆ: ಕಾಮನ್ ಕ್ರೋ ಎಂಬ ಕಂದುಗಪ್ಪು ಚಿಟ್ಟೆ ಮತ್ತು ಓಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗ.

ಚಿಟ್ಟೆಯ ಮರಿಹುಳು ಮೈತುಂಬ ಪಟ್ಟೆ ಹೊತ್ತು, ನಾಲ್ಕು ಜೊತೆ ಕಪ್ಪು ತಂತುಗಳನ್ನು ಚಾಚಿಕೊಂಡು ರಾಜಾರೋಷವಾಗಿ ತಿನ್ನುತ್ತದೆ. ಅದರ ಕೋಶವೂ ಎಲೆಯಡಿಯಲ್ಲಿ ಕನ್ನಡಿಯಂತೆ ಹೊಳೆಯುತ್ತದೆ. ಪತಂಗದ ಹುಳು ಎಲೆಹಸಿರು. ಬೆದರಿದಾಗ ಮಾತ್ರ ತಲೆಯನ್ನು ಒಳಗೆಳೆದು, ಕತ್ತು ಉಬ್ಬಿಸಿ, ಎರಡು ನೀಲಿ ಹುಸಿಗಣ್ಣುಗಳನ್ನು ತೋರಿಸುತ್ತದೆ. ಕೋಶವಾಗುವ ಹೊತ್ತಿಗೆ ಕಂದಾಗಿ, ಗಿಡದಿಂದಿಳಿದು ತರಗೆಲೆಯಲ್ಲಿ ಮರೆಯಾಗುತ್ತದೆ.

ತೆರೆದ ಬದುಕೇ ದೊಡ್ಡದು, ಅಡಗುವುದು ಅಂಜಿಕೆ ಎಂಬ ನಂಬಿಕೆ ನನ್ನಲ್ಲಿ ಬಲವಾಗಿತ್ತು. ಆದರೆ ಈ ಚಿಟ್ಟೆಯ ನಿರ್ಭಯ ಅದೊಂದರದೇ ಸಂಪಾದನೆಯೇ? ಅದರ ಮೈ ಹಕ್ಕಿಗೆ ರುಚಿಸದು. ಒಮ್ಮೆ ಕಚ್ಚಿದ ಹಕ್ಕಿ ಆ ಕಹಿಯನ್ನು ನೆನಪಿಟ್ಟುಕೊಂಡು ಮುಂದಿನದನ್ನು ಬಿಟ್ಟುಬಿಡುತ್ತದೆ. ಹಕ್ಕಿ ಮರೆತರೆ ಚಿಟ್ಟೆಯ ಧೈರ್ಯಕ್ಕೆ ನೆಲೆಯಿಲ್ಲ. ಇನ್ನು ಅಡಗುವುದು ಅಪವಾದವೂ ಅಲ್ಲ. ಚಿಟ್ಟೆ-ಪತಂಗಗಳ ಗಣದ 1.5 ಲಕ್ಷಕ್ಕೂ ಹೆಚ್ಚಿನ ಪ್ರಭೇದಗಳಲ್ಲಿ ಚಿಟ್ಟೆಗಳು 18,000ದಷ್ಟು ಮಾತ್ರ. ಉಳಿದವು ಪತಂಗಗಳು, ಬಹುಪಾಲು ಇರುಳಿನವು. ಹಗಲಿಗೆ ಕಂಡಷ್ಟನ್ನೇ ನಾನು ಜಗತ್ತೆಂದುಕೊಂಡಿದ್ದೆ.

ಮನುಷ್ಯರಲ್ಲೂ ಈ ಎರಡು ಬಗೆಯುಂಟು. ಸಾವಾದ ಮನೆಯಲ್ಲಿ ಒಬ್ಬರು ಬಂದವರೆದುರೆಲ್ಲ ಅತ್ತು ಹಗುರಾಗುತ್ತಾರೆ. ಇನ್ನೊಬ್ಬರು ಮಾತಿಲ್ಲದೆ ಅಡುಗೆಮನೆಯಲ್ಲಿ ಪಾತ್ರೆ ಬೆಳಗುತ್ತಿರುತ್ತಾರೆ. ನುಂಗಿದ ಕಹಿ ಒಂದೇ. ಆದರೂ ಎರಡನೆಯವರಿಗೆ ಮಾತ್ರ ನಾವು, 'ಒಳಗೇ ಇಟ್ಟುಕೊಳ್ಳಬೇಡಿ, ಅತ್ತುಬಿಡಿ' ಎಂದು ಒತ್ತಾಯಿಸುತ್ತೇವೆ. ಅವರು ಹಿಂದೊಮ್ಮೆ ಹೇಳಿಕೊಂಡಾಗ ಆ ಮಾತು ನಮ್ಮ ಕೈಯಲ್ಲಿ ಏನಾಯಿತು ಎಂದು ಕೇಳಿಕೊಳ್ಳುವುದಿಲ್ಲ.

ಹಾಗೆಂದು ಮೌನವೇ ಮೇಲೆಂದು ನಾನು ಹೇಳಲಾರೆ. ಕಲಿತ ಹಕ್ಕಿಯಿಂದ ಮುಂದಿನ ಚಿಟ್ಟೆ ಉಳಿಯುವಂತೆ, ನೋವನ್ನು ಬಾಯಿಬಿಟ್ಟು ಹೇಳಿದವರು ಹಿಂದೆ ಬರುವವರ ದಾರಿಯನ್ನು ಹಸನು ಮಾಡುತ್ತಾರೆ. ಆ ಋಣ ದೊಡ್ಡದು. ಆದರೆ ದಾರಿ ಹಸನಾಗುವುದು ಕೇಳಿದವರು ಕಲಿತಾಗ ಮಾತ್ರ. ಮನಬಿಚ್ಚಿ ಮಾತಾಡಿ ಎಂದು ಇನ್ನೊಬ್ಬರಿಗೆ ಹೇಳುವ ಮೊದಲು, ಈವರೆಗೆ ಕೇಳಿದ್ದನ್ನು ನಾನು ಎಷ್ಟು ನೆನಪಿಟ್ಟುಕೊಂಡಿದ್ದೇನೆ ಎಂದು ನನ್ನನ್ನೇ ಕೇಳಿಕೊಳ್ಳಬೇಕು. ಧೈರ್ಯ ಹೇಳುವವರದಾದರೆ, ಅದಕ್ಕೆ ನೆಲೆ ಒದಗಿಸುವ ಹೊಣೆ ಕೇಳುವವರದು.