ಮಗುಟಕ್ಕೆ ಮಡಿ, ಕೈಗೆ ಮೈಲಿಗೆ

ರೇಷ್ಮೆಗೆ ಮೈಲಿಗೆ ಇಲ್ಲ ಅನ್ನುತ್ತಾರೆ. ಹತ್ತಿ ಸೀರೆಯಾದರೆ ಒಗೆದು ಹಿಂಡಿ, ಯಾರೂ ಮುಟ್ಟದ ಕಡೆ ಒಣಹಾಕಬೇಕು. ರೇಷ್ಮೆಯ ಮಗುಟವನ್ನು ಕೊಡವಿ ಉಟ್ಟರೂ ನಡೆಯುತ್ತದೆ. ಪೂಜೆಗೆ ಕೂರುವವರು ಯಾರೂ ಇದನ್ನು ಕೆದಕಿ ಕೇಳಿದ್ದು ನಾನು ಕಂಡಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ, ಹುಳು ಸಾಕುವ ಮನೆಗೆ ಸೊಸೆಯಾಗಿ ಬಂದ ನನಗೆ ಮಾತ್ರ ಈ ಮಡಿಯ ಲೆಕ್ಕವನ್ನು ಒಂದು ಸಲ ಕೂಡಿ ನೋಡಬೇಕು ಅನ್ನಿಸುತ್ತದೆ.

ಹುಳು ಮನೆಗೂ ಒಂದು ಮಡಿ ಇದೆ, ದೇವರ ಮನೆಯದಕ್ಕಿಂತ ಬಿಗಿ. ಹೊರಗಿನವರು ಒಳಗೆ ಬರುವಂತಿಲ್ಲ. ಚಪ್ಪಲಿ ಬಾಗಿಲಾಚೆ. ಹೊಸ ಬೆಳೆಗೆ ಮೊದಲು ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ನೀರು. ಲೀಟರಿಗೆ 20 ಗ್ರಾಂ ಪೌಡರ್, 3 ಗ್ರಾಂ ಅರಳಿದ ಸುಣ್ಣ. ಸೊಪ್ಪು ಹಾಕುವ ಮುಂಚೆ ಕೈಕಾಲು ತೊಳೆಯಬೇಕು, ಕಸ ತೆಗೆದ ಮೇಲೆ ಮತ್ತೆ ತೊಳೆಯಬೇಕು. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತರೆ ಸುಣ್ಣದ ಪುಡಿ, ಜ್ವರ ಬಿಟ್ಟು ಎದ್ದರೆ ವಿಜೇತ ಎಂಬ ಸೋಂಕುನಾಶಕ ಪುಡಿ. ಇಷ್ಟು ಮಾಡದಿದ್ದರೆ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಯಾವುದಾದರೂ ಒಂದು ರೋಗ ನುಗ್ಗುತ್ತದೆ. ನಾಲ್ಕು ಜ್ವರ ದಾಟಿ ಹಣ್ಣಾಗಬೇಕಿದ್ದ ಹುಳು ಗುಂಡಿಗೆ ಹೋಗುತ್ತದೆ, ಸಾಲ ಮನೆಯಲ್ಲಿ ಉಳಿಯುತ್ತದೆ. ಆದ್ದರಿಂದ ಸೋಂಕುನಾಶಕ ಬೇಡ ಅನ್ನುವವಳು ನಾನಲ್ಲ.

ಅದೇ ಬಾಗಿಲಿಗೆ ನಮ್ಮತ್ತೆ ಇನ್ನೊಂದು ಕಟ್ಟು ಹಾಕಿದ್ದರು. ಹೊರಗಾದ ಹೆಂಗಸು ಹುಳು ಮನೆ ಹೊಸ್ತಿಲು ತುಳಿಯಬಾರದು. ಮಾತನಾಡದೆ ಒಪ್ಪಿಕೊಂಡಿದ್ದೆ, ನಿಜ ಹೇಳಬೇಕೆಂದರೆ ಕೈಗೆ ರಜಾ ಸಿಗುತ್ತಿದ್ದುದು ಆಗ ಮಾತ್ರ. ಆಮೇಲೆ ಓದಿ ತಿಳಿದ ಸಂಗತಿ ಬೇರೆ. 1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೇಷ್ಮೆ ಹುಳುವಿನ ಗಂಟು ರೋಗದ ಮೂಲ ಹುಡುಕಲು ಅಲೆಸ್ ಎಂಬ ಊರಿಗೆ ಹೋದರು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಯನ್ನೇ ಬಿಸಾಡುವ ಪದ್ಧತಿ ತಂದರು. ಇವತ್ತಿಗೂ ನಮಗೆ ಬರುವ ‘ರೋಗರಹಿತ ಮೊಟ್ಟೆ’ ಆ ದಾರಿಯದೇ. ರೇಷ್ಮೆ ಹುಳುವಿನ ಮೈಲಿಗೆ ಯಾವುದು ಎಂದು ಕಣ್ಣಿಗೆ ಕಂಡು ನೂರೈವತ್ತು ವರ್ಷವಾಯಿತು. ಅದು ಚಿಟ್ಟೆಯ ಹೊಟ್ಟೆಯಲ್ಲಿತ್ತು, ಸೊಸೆಯ ಹೊಟ್ಟೆಯಲ್ಲಿ ಅಲ್ಲ.

ಈಗ ಕೈಯ ವಿಷಯ. ಮೊದಲು ಉಂಗುರದ ಕೆಳಗೆ ತುರಿಕೆ. ಆಮೇಲೆ ಬೆರಳ ಸಂದಿಯಲ್ಲಿ ಸಣ್ಣ ನೀರುಗುಳ್ಳೆ, ಅದು ಒಡೆದು ಹೊಟ್ಟು ಏಳುವುದು, ಹೆಬ್ಬೆರಳಿನ ಗೆಣ್ಣಿನಲ್ಲಿ ಉದ್ದುದ್ದ ಸೀಳು. ಹುಣಸೆಹಣ್ಣು ಕಿವುಚಿದರೆ ಜೀವ ಹೋಗುವಷ್ಟು ಉರಿ. ನಮ್ಮದು ಹುಣಸೆಯ ಊರು. 54 ಎಕರೆಯ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸಾರಿದರು, ದೇಶಕ್ಕೇ ಮೊದಲನೆಯದು. ಆ ಊರಿನಲ್ಲಿ ಹುಳಿ ಮುಟ್ಟಲಾಗದ ಹೆಂಗಸು ನಾನು. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ನನ್ನನ್ನು ನಾನೇ ಅಂತ ಒಪ್ಪಲಿಲ್ಲ, ರೇಖೆ ಸವೆದಿತ್ತು.

ಡಾಕ್ಟರಮ್ಮ ನೋಡಿ, ಇಸುಬು, ಅಂಟುವುದಿಲ್ಲ ಅಂದರು. ಚರ್ಮದ ಮೇಲ್ಪದರದ ಕಣಗಳ ನಡುವೆ ಒಂದು ಬಗೆಯ ಜಿಡ್ಡಿದೆ, ಗೋಡೆಯ ಇಟ್ಟಿಗೆ ನಡುವಿನ ಗಾರೆಯ ಹಾಗೆ. ಚರ್ಮಕ್ಕೆ ತುಸು ಹುಳಿಗುಣವೂ ಇದೆ. ಸೋಪು, ಸುಣ್ಣ, ಬ್ಲೀಚಿಂಗ್ ಮೂರೂ ಅದಕ್ಕೆ ವಿರುದ್ಧವಾದ ಕ್ಷಾರ. ಪದೇ ಪದೇ ಬಿದ್ದರೆ ಜಿಡ್ಡು ಕರಗುತ್ತದೆ, ಒಳಗಿನ ನೀರು ಆರುತ್ತದೆ, ಹೊರಗಿನ ಖಾರ ಒಳಕ್ಕೆ ಇಳಿಯುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೈ ಒದ್ದೆಯಿದ್ದರೆ ಚರ್ಮದ ವೈದ್ಯರು ಅದನ್ನು ಅಪಾಯದ ಕೆಲಸದ ಪಟ್ಟಿಗೆ ಸೇರಿಸುತ್ತಾರಂತೆ. ಪಾತ್ರೆ, ಬಟ್ಟೆ, ಹಸುವಿನ ಕೆಚ್ಚಲು, ಹುಳು ಮನೆ ಎಲ್ಲ ಸೇರಿಸಿದರೆ ನಮ್ಮೂರಿನ ಯಾವ ಹೆಂಗಸು ಈ ಪಟ್ಟಿಯಿಂದ ತಪ್ಪಿಸಿಕೊಂಡಾಳು? ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣುವುದಕ್ಕೆ ಕಾರಣ ನಮ್ಮ ಚರ್ಮವಲ್ಲ, ನಮ್ಮ ಪಾಲಿಗೆ ಬಂದ ಕೆಲಸ. ಡಾಕ್ಟರಮ್ಮ ಹೇಳಿದ ಕೊನೆಯ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ: ಬಿರಿದ ಕೈಯಲ್ಲಿ ರೋಗಾಣು ಹೆಚ್ಚಾಗಿ ಮನೆ ಮಾಡುತ್ತವೆ. ಅಂದರೆ ಶುಚಿ ಮಾಡಿ ಮಾಡಿಯೇ ಕೈ ಅಶುಚಿಯಾಗುತ್ತದೆ.

ಊರಹಬ್ಬಕ್ಕೆ ತಂಬಿಟ್ಟಿನಾರತಿ ಮಾಡುವ ದಿನ ಓರಗಿತ್ತಿ ಒರಳ ಹತ್ತಿರ ನನ್ನನ್ನು ತಡೆದಳು. “ಅಕ್ಕ, ನೀನು ಹಿಟ್ಟು ಮುಟ್ಟಬ್ಯಾಡ, ಕೈ ಹಂಗೈತೆ. ಆರತಿ ಹೊತ್ಕೋ ಸಾಕು.” ಅವಳ ಮಾತಿನಲ್ಲಿ ಅರ್ಧ ನ್ಯಾಯವಿದೆ. ಕೀವು ಇದ್ದ ಕೈಯನ್ನು ನಾಲ್ಕು ಜನ ತಿನ್ನುವ ಹಿಟ್ಟಿಗೆ ಹಾಕಬಾರದು. ಆದರೆ ಅವತ್ತು ಕೀವು ಇರಲಿಲ್ಲ, ಬರೀ ಸೀಳು ಇತ್ತು. ಅವಳು ಅಂಜಿದ್ದು ರೋಗಕ್ಕಲ್ಲ, ದೇವರಿಗೆ. ದೇವಿಯ ಮುಂದೆ ನಿಂತಿದ್ದ ಹೆಂಗಸರಲ್ಲಿ ಎಷ್ಟೋ ಜನ ಉಟ್ಟಿದ್ದು ರೇಷ್ಮೆ.

ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ, ಕಸುಬುದಾರನ ಕೈ ಯಾವಾಗಲೂ ಶುದ್ಧ ಎಂಬ ಅರ್ಥದ ಮಾತೊಂದಿದೆ. ಹೆಂಗಸಿಗೂ ದುಡಿಯುವ ಜಾತಿಗಳಿಗೂ ಅಷ್ಟೊಂದು ಕಟ್ಟುಪಾಡು ಬರೆದ ಪುಸ್ತಕಕ್ಕೆ ಇಲ್ಲಿ ಹೇಗೆ ಈ ಔದಾರ್ಯ ಬಂತು? ಅವನು ಮಾಡಿದ ವಸ್ತು ಎಲ್ಲರಿಗೂ ಬೇಕಲ್ಲ. ನೇಯ್ದವನ ಕೈ ಅಶುದ್ಧ ಎಂದರೆ ಉಡುವುದು ಏನನ್ನು? ನನ್ನ ತಕರಾರು ಇಷ್ಟೇ. ಕೈ ಮಾಡಿದ್ದನ್ನು ಶುದ್ಧ ಎಂದು ತೆಗೆದುಕೊಂಡ ಮೇಲೆ, ಹಾಗೆ ಮಾಡಿದ್ದರಿಂದಲೇ ಗಾಯವಾದ ಕೈಯನ್ನು ಹೊಸ್ತಿಲಾಚೆ ನಿಲ್ಲಿಸುವ ಧರ್ಮಕ್ಕೆ ಲೆಕ್ಕ ಬರುವುದಿಲ್ಲ. ನಮ್ಮ ಗೂಡು ವಿಜಯಪುರದ ಮಾರುಕಟ್ಟೆ ದಾಟಿದ ಮೇಲೂ ಇದೇ ಕಥೆ. ನೂಲು ಬಿಚ್ಚುವ ಕಡೆ ಹೆಂಗಸರು ಬಿಸಿ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಾರೆ. ಗ್ಲೌಸ್ ಹಾಕಿದರೆ ಎಳೆ ಬೆರಳಿಗೆ ಸಿಗುವುದಿಲ್ಲ. ಸಂಜೆಗೆ ಬೆರಳು ಬೆಳ್ಳಗೆ ನೆನೆದು ಸುಲಿದಿರುತ್ತದೆ. ಗೂಡಿನ ಒಳಗಿನ ಹುಳುವೂ ಸತ್ತಿರುತ್ತದೆ. ಇಷ್ಟಾದ ಮೇಲೆ ಬರುವುದು ಮಡಿ ಬಟ್ಟೆ.

ಇನ್ನೊಂದು ಕೈಯ ಕಥೆ ಹೇಳುತ್ತೇನೆ. 1889ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದಳು. ಆಪರೇಷನ್ನಿಗೆ ಮುಂಚೆ ಪಾದರಸದ ಸೋಂಕುನಾಶಕದಲ್ಲಿ ಕೈ ಅದ್ದಿ ಅದ್ದಿ ಅವಳಿಗೂ ಚರ್ಮ ಕಿತ್ತುಬಂತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ತೆಳ್ಳನೆಯ ಗ್ಲೌಸ್ ಮಾಡಿಸಿಕೊಟ್ಟರು. ಮರುವರ್ಷ ಇಬ್ಬರಿಗೂ ಮದುವೆಯಾಯಿತು, ಅದು ಬೇರೆ ಮಾತು. ಗ್ಲೌಸಿನಿಂದ ರೋಗಿಗೂ ಕಾವಲು ಎಂದು ಜನಕ್ಕೆ ಹೊಳೆದದ್ದು ಆಮೇಲೆ. ಮೊದಲು ಅದು ಹುಟ್ಟಿದ್ದು ಒಬ್ಬ ಹೆಂಗಸಿನ ಕೈ ಉಳಿಯಲಿ ಎಂದು.

ಹುಳು ಸಾಕುವ ಮನೆಯ ಯಜಮಾನರಲ್ಲಿ ನನ್ನದೊಂದು ಕೇಳಿಕೆ. ಮೊಟ್ಟೆಗೆ, ಸೊಪ್ಪಿಗೆ, ಪುಡಿಗೆ ಖರ್ಚು ಬರೆಯುವ ಪುಸ್ತಕದಲ್ಲಿ ಮೊಣಕೈವರೆಗಿನ ರಬ್ಬರ್ ಗ್ಲೌಸ್‌ಗೂ ಒಂದು ಸಾಲು ಇರಲಿ. ಬೆವರಿಗೆ ಒಳಗೆ ಹತ್ತಿಯದೊಂದು ಜೊತೆ. ಬ್ಲೀಚಿಂಗ್ ಕಲಸುವ, ಸುಣ್ಣ ಎರಚುವ ಸರದಿ ಗಂಡಸರಿಗೂ ಬರಲಿ. ಕೈ ತೊಳೆದ ಮೇಲೆ ಒರೆಸಿ ವ್ಯಾಸಲೀನ್ ಹಚ್ಚಿಕೊಳ್ಳುವಷ್ಟು ಹೊತ್ತು ಅವಳಿಗೆ ಬಿಡಿ. ಸೀಳಿನಲ್ಲಿ ಕೀವು ಕಂಡರೆ ಅಂಗಡಿಯ ಮುಲಾಮು ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.