ಹಿಟ್ಟಿನ ಹುಂಜವೂ ಪರದೆಯ ಮೇಲಿನ ಕೊಲೆಯೂ

ಜೀವವಿಲ್ಲದ ವಸ್ತುವನ್ನು ಜೀವವಿದೆಯೆಂಬ ಭಾವದಿಂದ ಕೊಂದರೆ ಅದು ಹಿಂಸೆಯಾಗುತ್ತದೆಯೇ ಎಂಬ ಪ್ರಶ್ನೆ ಜೈನ ಧರ್ಮಚಿಂತನೆಗೆ ಬಹಳ ಹಳೆಯದು. ಜೀವಿಯ ದೇಹಕ್ಕೆ ತಗಲುವ ಕೇಡನ್ನು ದ್ರವ್ಯಹಿಂಸೆಯೆಂದೂ, ಕೊಲ್ಲಹೊರಟವನ ಮನಸ್ಸಿನಲ್ಲಿ ಅದಕ್ಕೂ ಮೊದಲೇ ಏಳುವ ಕಲುಷವನ್ನು ಭಾವಹಿಂಸೆಯೆಂದೂ ಬೇರ್ಪಡಿಸಿದ ಜೈನ ಆಚಾರ್ಯರು, ಎರಡನೆಯದನ್ನು ಮೊದಲನೆಯದಕ್ಕಿಂತ ಹಗುರವೆಂದು ಎಣಿಸಲಿಲ್ಲ. ಹೊಯ್ಸಳರ ಕಾಲದ ಕವಿ ಜನ್ನ 13ನೆಯ ಶತಮಾನದ ಆರಂಭದಲ್ಲಿ ಬರೆದ ‘ಯಶೋಧರ ಚರಿತೆ’ ನಿಂತಿರುವುದೇ ಈ ತತ್ತ್ವದ ಮೇಲೆ: ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ನಿಜವಾದ ಪ್ರಾಣಿಯ ಬದಲು ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಅರಸ ಯಶೋಧರ, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೊಡನೆ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ ನೋಯಬೇಕಾಗುತ್ತದೆ. ಹಿಟ್ಟಿಗೆ ನೋವಾಗಲಿಲ್ಲ, ನಿಜ. ಆದರೆ ಕತ್ತಿ ಎತ್ತಿದ ಕೈ ಹಿಟ್ಟಿನದಾಗಿರಲಿಲ್ಲ.

ಇದೇ ಪ್ರಶ್ನೆಯನ್ನು, ಈ ಪರಂಪರೆಯ ಯಾವ ಸೋಂಕೂ ಇಲ್ಲದೆ, ಅಮೆರಿಕದ ಒಂದು ವಿಡಿಯೋ ಗೇಮ್ ಮತ್ತೆ ಎತ್ತಿದೆ. 2015ರ ಸೆಪ್ಟೆಂಬರ್ 15ರಂದು ಬಿಡುಗಡೆಯಾದ ‘ಅಂಡರ್‌ಟೇಲ್’ ಅನ್ನು ಬರೆದವರು, ರೂಪಿಸಿದವರು, ಅದಕ್ಕೆ ಸಂಗೀತ ಕಟ್ಟಿದವರು ಟೋಬಿ ಫಾಕ್ಸ್. ಚಿತ್ರಗಳಲ್ಲಿ ಅವರಿಗೆ ಮುಖ್ಯವಾಗಿ ನೆರವಾದವರು ಟೆಮ್ಮಿ ಚಾಂಗ್. ದೊಡ್ಡ ಸಂಸ್ಥೆಗಳ ಹಣ ಮತ್ತು ಹತೋಟಿಗಳಿಂದ ಹೊರಗೆ ತಯಾರಾಗುವ ಇಂಥ ಆಟಗಳನ್ನು ‘ಇಂಡೀ’ ಎಂದು ಕರೆಯುವುದು ರೂಢಿ. 2013ರಲ್ಲಿ 5,000 ಡಾಲರ್ ಬೇಡಿ ಸಾರ್ವಜನಿಕರ ಮುಂದೆ ಹೋದ ಈ ಆಟಕ್ಕೆ 51,124 ಡಾಲರ್ ಕೂಡಿಬಂತು. ಪ್ರಕಾರದ ದೃಷ್ಟಿಯಿಂದ ಇದು ರೋಲ್‌ಪ್ಲೇಯಿಂಗ್ ಗೇಮ್, ಎಂದರೆ ಆಡುವವರು ಒಂದು ಪಾತ್ರವನ್ನು ವಹಿಸಿಕೊಂಡು ಕಥೆಯೊಳಗೆ ಸಾಗುವ, ದಾರಿಯಲ್ಲಿ ಎದುರಾದವರನ್ನು ಕೊಂದು ‘ಅನುಭವ’ದ ಅಂಕ ಗಳಿಸಿ ಬಲಿಯುವ ಬಗೆಯ ಆಟ. ಕೊಲೆಗೆ ಅನುಭವವೆಂಬ ಹೆಸರು ಅಂಟಿಕೊಂಡು ದಶಕಗಳೇ ಆಗಿದ್ದರೂ ಅದು ವಿಚಿತ್ರವೆಂದು ಹೆಚ್ಚಿನವರಿಗೆ ತೋರಿರಲಿಲ್ಲ. ಅಂಡರ್‌ಟೇಲ್‌ನಲ್ಲಿ, ಆಟ ಮುಗಿಯುವ ಹೊತ್ತಿಗೆ, ಸ್ಯಾನ್ಸ್ ಎಂಬ ಅಸ್ಥಿಪಂಜರ ಆಟ ಬಳಸುವ ಸಂಕ್ಷಿಪ್ತಾಕ್ಷರಗಳ ನಿಜವಾದ ಅರ್ಥವನ್ನು ಬಿಡಿಸಿ ಹೇಳುತ್ತದೆ: ‘ಇಎಕ್ಸ್‌ಪಿ’ ಅನುಭವವಲ್ಲ, ವಧೆಯ ಅಂಕ, ‘ಲವ್’ ಎಂದು ಕೇಳಿಸುತ್ತಿದ್ದದ್ದು ಪ್ರೀತಿಯಲ್ಲ, ಹಿಂಸೆಯ ಮಟ್ಟ. ಕೊಲ್ಲುತ್ತ ಹೋದಂತೆ ಕೊಂದವರಿಂದ ದೂರವಾಗುವುದು ಸುಲಭವಾಗುತ್ತದೆ, ದೂರವಾದಷ್ಟೂ ಕೊಲ್ಲುವುದು ಸುಲಭವಾಗುತ್ತದೆ ಎಂಬ ಅದರ ವಿವರಣೆಗೂ, ಆತ್ಮದ ಮೇಲೆ ಪದರಪದರವಾಗಿ ಕೂರುವ ಕರ್ಮದ ಕಲ್ಪನೆಗೂ ಹೆಚ್ಚಿನ ಅಂತರವಿಲ್ಲ.

ಕಥೆ ಸರಳ. ಮನುಷ್ಯರೊಡನೆ ನಡೆದ ಯುದ್ಧದಲ್ಲಿ ಸೋತು, ಮಂತ್ರದ ತಡೆಯೊಂದರ ಹಿಂದೆ ನೆಲದಡಿಯಲ್ಲಿ ಸೆರೆಯಾಗಿರುವ ‘ರಾಕ್ಷಸ’ರ ಲೋಕಕ್ಕೆ, ಎಬಟ್ ಪರ್ವತದಿಂದ ಒಂದು ಮಗು ಬೀಳುತ್ತದೆ. ಆ ಮಗು ಪ್ರತಿ ಎದುರಾಳಿಯೊಡನೆಯೂ ಹೋರಾಡಬಹುದು, ಇಲ್ಲವೆ ಮಾತಾಡಿಸಿ, ನಗಿಸಿ, ಕರುಣೆ ತೋರಿ ಬಿಟ್ಟುಬಿಡಬಹುದು. ಒಬ್ಬರನ್ನೂ ಕೊಲ್ಲದೆ ಆಟವನ್ನು ಮುಗಿಸಲು ಸಾಧ್ಯವಿದೆ. ಮೊದಲಿಗೆ ಆಸರೆ ಕೊಡುವ ಟೊರಿಯಲ್ ಎಂಬ ತಾಯಿಯಂಥ ಪಾತ್ರ, ಮಗುವನ್ನು ಅಪಾಯದೆಡೆಗೆ ಹೋಗಗೊಡದೆ ಅಡ್ಡ ನಿಂತಾಗ, ಕರುಣೆಯನ್ನು ಮತ್ತೆ ಮತ್ತೆ ಆರಿಸಿದರೂ ಬಹಳ ಹೊತ್ತು ಏನೂ ಆಗದಿರುವುದರಿಂದ, ಬೇರೆ ದಾರಿಯಿಲ್ಲವೆಂದು ಭಾವಿಸಿ ಆಕೆಯನ್ನು ಕೊಂದುಬಿಡುವವರು ಉಂಟು. ಕೊಂದ ಮೇಲೆ ಪಶ್ಚಾತ್ತಾಪಪಟ್ಟು, ಉಳಿಸಿಟ್ಟ ಹಿಂದಿನ ಸ್ಥಿತಿಗೆ ಮರಳಿ, ಈ ಬಾರಿ ಆಕೆಯನ್ನು ಬದುಕಗೊಟ್ಟವರಿಗೆ ಫ್ಲವಿ ಎಂಬ ಮಾತಾಡುವ ಹೂವು ಎದುರಾಗಿ, ಹಿಂದೆ ಆದದ್ದು ತನಗೆ ಗೊತ್ತಿದೆ ಎನ್ನುತ್ತದೆ. ಕೃತಿಯ ತಾತ್ತ್ವಿಕ ಗಂಟು ಇಲ್ಲಿದೆ. ಟೊರಿಯಲ್ ಬದುಕಿದ್ದಾಳೆ, ಆಕೆಗೆ ಏನೂ ನೆನಪಿಲ್ಲ, ಆದ್ದರಿಂದ ದ್ರವ್ಯಹಿಂಸೆಯ ಲೆಕ್ಕ ಸೊನ್ನೆ. ಉಳಿದದ್ದು ಕೊಂದವರ ನೆನಪು ಮಾತ್ರ, ಮತ್ತು ಆಟ ಆ ನೆನಪಿಗೆ ಹೊರಗಿನಿಂದ ಒಬ್ಬ ಸಾಕ್ಷಿಯನ್ನು ಒದಗಿಸುತ್ತದೆ. ಆದದ್ದನ್ನು ಅಳಿಸುವುದು ಪ್ರಾಯಶ್ಚಿತ್ತವಲ್ಲ, ಏಕೆಂದರೆ ಪ್ರಾಯಶ್ಚಿತ್ತಕ್ಕೆ ಮೊದಲು ಬೇಕಾದದ್ದು ಆದದ್ದನ್ನು ಒಪ್ಪಿಕೊಳ್ಳುವುದು.

ಎಲ್ಲರನ್ನೂ ಹುಡುಕಿ ಹುಡುಕಿ ಕೊಂದವರಿಗೆ ಈ ತರ್ಕ ಇನ್ನೂ ಕಠಿಣವಾಗುತ್ತದೆ. ಅವರಿಗೆ ಕೊನೆಯಲ್ಲಿ ದೊರಕುವುದು ಬರಿಯ ಕಪ್ಪು ಪರದೆ. ಹತ್ತು ನಿಮಿಷ ಕಾದ ಮೇಲೆ, ಆತ್ಮವನ್ನು ಕೊಟ್ಟರೆ ಲೋಕವನ್ನು ಮರಳಿಸುವೆನೆಂಬ ದನಿ ಕೇಳುತ್ತದೆ. ಹಾಗೆ ಕೊಟ್ಟು, ಮುಂದೆ ಎಷ್ಟೇ ಸಾಧುವಾಗಿ ಆಡಿದರೂ, ಸುಖಾಂತ್ಯದ ಗೆಳೆಯರ ಛಾಯಾಚಿತ್ರದಲ್ಲಿ ಮುಖಗಳ ಮೇಲೆ ಕೆಂಪು ಗೀಟು ಬಿದ್ದಿರಬಹುದು. ಇಲ್ಲಿ ಒಂದು ಆಕ್ಷೇಪವನ್ನು ದಾಖಲಿಸಬೇಕು: ಯಾವ ಪ್ರಾಯಶ್ಚಿತ್ತಕ್ಕೂ ಎಡೆಯಿಲ್ಲದ ಈ ಶಿಕ್ಷೆ ಜೈನ ಚಿಂತನೆಗಿಂತಲೂ ನಿಷ್ಠುರವಾದುದು, ಏಕೆಂದರೆ ಯಶೋಧರನಿಗೂ ಕೊನೆಗೆ ಬಿಡುಗಡೆಯ ದಾರಿ ತೆರೆಯಿತು.

ಈ ಆಟದಲ್ಲಿ ಕಾಣುವ ವೈವಿಧ್ಯವನ್ನು ಹಲವರು ಪ್ರತ್ಯೇಕ ಗುಣವೆಂಬಂತೆ ಹೊಗಳಿದ್ದಾರೆ. ಆದರೆ ಅದನ್ನು ಅಹಿಂಸೆಯ ವಿಚಾರದಿಂದ ಬಿಡಿಸಿ ನೋಡಲಾಗದು. ಕೊಲ್ಲದೆ ಬಿಡಬೇಕಾದರೆ ಎದುರಿರುವವರು ಯಾರೆಂದು ಗಮನಿಸಬೇಕು, ಗಮನಿಸಿದಾಗ ‘ರಾಕ್ಷಸ’ ಎಂಬ ಒಟ್ಟು ಹೆಸರು ಕಳಚಿ ಬೀಳುತ್ತದೆ. ಕಾವಲು ಕಾಯುವ ಇಬ್ಬರು ಯೋಧರಲ್ಲಿ ಒಬ್ಬನಿಗೆ ಇನ್ನೊಬ್ಬನ ಮೇಲೆ ಹೇಳಿಕೊಳ್ಳಲಾಗದ ಪ್ರೀತಿಯಿದೆಯೆಂಬುದು ಅವರೊಡನೆ ಹೋರಾಡಿ ಗೆದ್ದವರಿಗೆ ತಿಳಿಯುವುದೇ ಇಲ್ಲ. ವಿಜ್ಞಾನಿ ಆಲ್ಫಿಸ್ ಮತ್ತು ಸೇನಾನಾಯಕಿ ಅಂಡೈನ್ ಇಬ್ಬರೂ ಹೆಣ್ಣುಗಳು, ಪರಸ್ಪರ ಪ್ರೀತಿಸುವವರು. ಆದರೂ ಆಲ್ಫಿಸ್‌ಳನ್ನು ಆದರ್ಶದ ಗೊಂಬೆಯಾಗಿ ಮಾಡಿಲ್ಲ, ಆಕೆ ಸುಳ್ಳು ಹೇಳಿದ್ದಾಳೆ, ತನ್ನ ಪ್ರಯೋಗದ ಅನಾಹುತವನ್ನು ಬಚ್ಚಿಟ್ಟಿದ್ದಾಳೆ, ತನ್ನನ್ನು ತಾನೇ ಹಳಿದುಕೊಳ್ಳುತ್ತಾಳೆ. ತನಗೆ ಒಪ್ಪುವ ದೇಹ ಸಿಗದೆ ಕೊರಗಿದ್ದ ಒಂದು ಪ್ರೇತ, ಯಂತ್ರದೇಹವೊಂದನ್ನು ಪಡೆದು ಮೆಟಾಟನ್ ಎಂಬ ತಾರೆಯಾಗುವ ಕಥೆಯೂ ಇದೆ. ಆಟದ ಬರಹದ ಹೃದಯವಂತಿಕೆ ಇರುವುದು, ಇಂಥ ಯಾವ ಭಿನ್ನತೆಯನ್ನೂ ಡಂಗುರ ಸಾರಿ ಹೇಳದಿರುವುದರಲ್ಲಿ.

ಮುಖ್ಯ ಪಾತ್ರವಾದ ಮಗು ಗಂಡೋ ಹೆಣ್ಣೋ ಎಂದೂ ಆಟ ಎಲ್ಲಿಯೂ ಹೇಳುವುದಿಲ್ಲ. ಇಂಗ್ಲಿಷ್ ಇದಕ್ಕಾಗಿ ಬಹುವಚನದ ಸರ್ವನಾಮವನ್ನು ಏಕವಚನದಲ್ಲಿ ಬಳಸಬೇಕಾಯಿತು. ಮಗು ಬಂತು, ಮಗು ನಕ್ಕಿತು ಎಂದು ಸಹಜವಾಗಿ ನುಡಿಯುವ ಕನ್ನಡಕ್ಕೆ ಈ ತೊಡಕೇ ಇಲ್ಲವೆಂಬುದು ಭಾಷಾಂತರಕಾರರಿಗೆ ಕುತೂಹಲದ ಸಂಗತಿಯಾದೀತು.

ಆಟದ ಈ ಕರುಣೆ ಧರ್ಮಪೀಠದವರೆಗೂ ಹೋದದ್ದುಂಟು: ಕ್ಯಾಥೊಲಿಕ್ ಚರ್ಚು ಕರುಣೆಯ ವಿಶೇಷ ವರ್ಷವನ್ನು ಆಚರಿಸುತ್ತಿದ್ದ 2016ರಲ್ಲಿ, ಪೋಪ್ ಫ್ರಾನ್ಸಿಸ್ ಅವರನ್ನು ಕಂಡ ಯೂಟ್ಯೂಬ್ ನಿರೂಪಕ ಮ್ಯಾಥ್ಯೂ ಪ್ಯಾಟ್ರಿಕ್ ಈ ಆಟವನ್ನೇ ಕಾಣಿಕೆಯಾಗಿ ಕೊಟ್ಟರು. 2022ರ ಜನವರಿಯಲ್ಲಿ ಪೋಪರ ಸಾರ್ವಜನಿಕ ದರ್ಶನದ ವೇಳೆ ಸರ್ಕಸ್ ಕಲಾವಿದರು ಹಿನ್ನೆಲೆಯಲ್ಲಿ ಹಾಕಿಕೊಂಡದ್ದೂ ಇದರ ಸಂಗೀತವೇ, ಆದರೆ ಅದು ಎಲ್ಲರನ್ನೂ ಕೊಂದು ಬಂದವರನ್ನು ಸ್ಯಾನ್ಸ್ ತಡೆಯುವ ಘಟ್ಟದ ಸಂಗೀತವಾಗಿತ್ತು.

ಯಾರನ್ನೂ ಕೊಲ್ಲದೆ ಸುಖಾಂತ್ಯವನ್ನು ತಲುಪಿದವರು ಆಟವನ್ನು ಮತ್ತೆ ತೆರೆದರೆ, ಫ್ಲವಿ ಒಂದು ಬಿನ್ನಹ ಮಾಡಿಕೊಳ್ಳುತ್ತದೆ. ಎಲ್ಲರೂ ಈಗ ಸುಖವಾಗಿದ್ದಾರೆ, ಅದನ್ನು ಅವರಿಂದ ಕಿತ್ತುಕೊಳ್ಳಬಲ್ಲವರು ಆಡುವವರು ಮಾತ್ರ, ಆದ್ದರಿಂದ ಅವರನ್ನು ಅವರ ಪಾಡಿಗೆ ಬಿಟ್ಟುಬಿಡಬೇಕು ಎಂಬುದು ಅದರ ಸಾರ. ಒಮ್ಮೆ ಎಲ್ಲರಿಗೂ ನೆರವಾಗಿ, ಬೇಸರ ಬಂದಾಗ ಏನಾಗುವುದೋ ನೋಡೋಣವೆಂದು ಎಲ್ಲರನ್ನೂ ಕೊಂದು, ಆತ್ಮವಿಲ್ಲದೆ ಇವೆಲ್ಲವನ್ನೂ ಲೆಕ್ಕವಿಲ್ಲದಷ್ಟು ಬಾರಿ ಮಾಡಿ ನೋಡಿದ ಹೂವಿನ ಮಾತು ಅದು. ಮಾತು ಮುಗಿದ ಮೇಲೆಯೂ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವ ಆಯ್ಕೆ ಪರದೆಯ ಮೇಲೆ ಇದ್ದೇ ಇರುತ್ತದೆ.